ಡಿಸ್ಕಿಗೆ ರಜೆ

ಸಾಯುವ ಡಿಸ್ಕು ಮೊದಲು ಸದ್ದು ಮಾಡುತ್ತದೆ. ಟಿಕ್. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟಿಕ್. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳು ಕುಟ್ಟಿ ಕೃಷ್ಣ ಕೃಷ್ಣ ಎನ್ನುವ ಜನ ನಾವು. ಡಿಸ್ಕು ಲೊಚಗುಟ್ಟಿದಾಗ ಮಾತ್ರ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸ್ಟುಡಿಯೋದ ಮೂಲೆಯಿಂದ ಆ ಸದ್ದು ನನಗೆ ಕೇಳಿಸಿತು, ಮತ್ತು ಅಂದಿನಿಂದ ನನಗೆ ನೆಮ್ಮದಿಯಾಗಿ ಊಟ ಸೇರಲಿಲ್ಲ.

ಸ್ಟುಡಿಯೋ ಇದ್ದದ್ದು ಕುಂದಾಪುರದ ಪೇಟೆ ಬೀದಿಯ ಹಿಂದೆ, ಒಂದು ಹಳೆಯ ಹೆಂಚಿನ ಮನೆಯಲ್ಲಿ. ಅದರ ಯಜಮಾನರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಬೈಂದೂರು ಕಡೆಯ ಮೀನುಗಾರರ ಮನೆಯವರು. ಮುಂಬಯಿಗೆ ಹೋಗಿ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಆಮೇಲೆ ಅಲ್ಲಿಯ ಒಬ್ಬ ಮದುವೆ ವಿಡಿಯೋದವರ ಹಿಂದೆ ಲೈಟು ಹೊತ್ತು, ೧೯೯೭ರಲ್ಲಿ ಹೆಗಲ ಮೇಲೆ ಇಡುವ ಕ್ಯಾಮೆರಾ ಒಂದನ್ನು ತೆಗೆದುಕೊಂಡು ಊರಿಗೆ ಬಂದವರು. ನಾನು ಸೇರಿಕೊಂಡದ್ದು ಅದಾಗಿ ಎಷ್ಟೋ ವರ್ಷಕ್ಕೆ, ಡಿಪ್ಲೊಮಾ ಮುಗಿಸಿ. ದಿನಾ ಬ್ರಹ್ಮಾವರದಿಂದ ಬಸ್ಸು. ಬಂದ ಗಿರಾಕಿಗಳೆಲ್ಲ ನನ್ನನ್ನು ಆಲ್ಬಮ್ಮಿಗೆ ಫೋಟೋ ಅಂಟಿಸುವ ಹುಡುಗಿ ಎಂದುಕೊಳ್ಳುತ್ತಿದ್ದರು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಕೂತಿರುವಾಗಲೂ ಒಬ್ಬರು ಬಂದು, ರಿಪೇರಿಯವರು ಊಟಕ್ಕೆ ಹೋಗಿದ್ದಾರೋ ಎಂದು ನನ್ನನ್ನೇ ಕೇಳಿದ್ದುಂಟು. ಹೌದು, ಬರುವುದು ತಡವಾಗುತ್ತದೆ ಎಂದು ಹೇಳಿ ಕಳಿಸಿದೆ.

ನಮ್ಮ ಕೆಲಸದ ಕ್ರಮ ಹೀಗಿತ್ತು. ಮದುವೆಯಲ್ಲಿ ತೆಗೆದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು, ಬೇಕಾದಷ್ಟು ಕತ್ತರಿಸಿ ಹಾಡು ಸೇರಿಸಿ ಮದುವೆ ಮನೆಯವರಿಗೆ ಡಿವಿಡಿ ಕೊಡುವುದು, ಆ ಕ್ಯಾಸೆಟ್ಟಿನ ಮೇಲೆಯೇ ಮುಂದಿನ ಮದುವೆ ತೆಗೆಯುವುದು. ಕತ್ತರಿಸಿ ಬಿಟ್ಟ ಭಾಗ ಬೇರೆಲ್ಲ ಸ್ಟುಡಿಯೋಗಳಲ್ಲಿ ಕಸ. ಅಣ್ಣ ಮಾತ್ರ ಅದನ್ನು ಅಳಿಸಲು ಬಿಡುತ್ತಿರಲಿಲ್ಲ. ಜನ ವರ್ಷಗಟ್ಟಲೆ ಕಳೆದ ಮೇಲೆ ಬಂದು, ನಮ್ಮ ಅಜ್ಜ ಆ ಮದುವೆಯಲ್ಲಿ ಚಪ್ಪರದ ಕೆಳಗೆ ಕೂತಿದ್ದರಲ್ಲ, ಮುಖ ಎಲ್ಲಾದರೂ ಸಿಕ್ಕಿದೆಯೇ ಎಂದು ಕೇಳುತ್ತಾರೆ ಎನ್ನುತ್ತಿದ್ದರು. ಕೇಳುತ್ತಿದ್ದದ್ದೂ ನಿಜ. ಆದರೆ ಯಾವ ಮದುವೆ ಯಾವ ಡಿಸ್ಕಿನಲ್ಲಿ ಕೂತಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಕಪಾಟು, ಮೇಜಿನ ಖಾನೆ, ದೇವರ ಫೋಟೋದ ಹಿಂದೆ, ಎಲ್ಲ ಕಡೆ ಡಿಸ್ಕು.

ನಾನೇ ಹಟ ಹಿಡಿದು ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಸರ್ವರ್ ಮಾಡಿ, ಐದು ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಜಾಗ ಮಾಡಿದೆ. ಎಲ್ಲ ಮದುವೆಗಳೂ ಅಲ್ಲಿಗೆ. ಒಳಗೆ ಐದಿವೆ ಎಂದು ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ, ಒಂದೇ ಉಗ್ರಾಣದಂತೆ ಕಾಣುತ್ತದೆ. ಬರೆದದ್ದೆಲ್ಲ ಐದಕ್ಕೂ ಹಂಚಿಹೋಗುತ್ತದೆ, ಜೊತೆಗೆ ಒಂದು ಡಿಸ್ಕು ಕೈಕೊಟ್ಟರೆ ಅದರಲ್ಲಿದ್ದದ್ದನ್ನು ಉಳಿದವು ಲೆಕ್ಕ ಹಾಕಿ ಹೇಳುವಷ್ಟು ಗುರುತು ಎಲ್ಲ ಕಡೆ ಇಟ್ಟಿರುತ್ತದೆ. ಡಿಸ್ಕು ತರುವ ಮೊದಲೇ ಅಣ್ಣನನ್ನು ಕೂರಿಸಿಕೊಂಡು ಇಷ್ಟನ್ನೂ ಬಿಡಿಸಿ ಹೇಳಿದ್ದೆ. ಒಂದು ಹೋದರೆ ನಡೆಯುತ್ತದೆ. ಎರಡು ಹೋದರೆ ಐದೂ ಹೋದಂತೆ, ಒಂದು ಮದುವೆಯೂ ಸಿಗುವುದಿಲ್ಲ. ಅವರು ಮೊದಲನೇ ಮಾತು ಕೇಳಿಸಿಕೊಂಡರು. ಎರಡನೇ ಮಾತಿನ ಹೊತ್ತಿಗೆ ಅವರ ಮುಖ ಅರಳಿಬಿಟ್ಟಿತ್ತು.

"ಹಂಗಾರೆ ಇದ್ ನಮ್ ರಂಪಣಿಯೇ ಅಲ್ದಾ ತಂಗಿ," ಎಂದರು. "ಒಬ್ಬಂಗೆ ಹುಷಾರಿಲ್ದಿರೆ ಉಳ್ದೋರ್ ಎಳಿತ್ರ್."

ರಂಪಣಿ ಎಂದರೆ ಕಡಲ ದಂಡೆಯಿಂದ ಎರಡು ಸಾಲು ಜನ ನಿಂತು ಎಳೆಯುವ ದೊಡ್ಡ ಬಲೆ. ಅಣ್ಣನ ಅಪ್ಪ ಅಂಥದೊಂದು ಬಲೆಯ ಪಾಲುದಾರ. ಜ್ವರ ಬಂದವನು ದಂಡೆಯ ಹೊಯ್ಗೆಯ ಮೇಲೆ ಕೂರುತ್ತಾನೆ, ಉಳಿದವರು ಅವನ ಭಾಗವನ್ನೂ ಎಳೆಯುತ್ತಾರೆ, ಸಂಜೆ ಅವನ ಪಾಲಿನ ಮೀನು ಅವನ ಮನೆ ತಲುಪುತ್ತದೆ. ಸುಸ್ತಾದವರು ಸರದಿಯಲ್ಲಿ ಕೂತು ಏಳುತ್ತಾರೆ. ದೊಡ್ಡ ಬೋಟುಗಳು ಬಂದು ಆ ಬಲೆಗಳೆಲ್ಲ ಮೂಲೆ ಸೇರಿದ ಮೇಲೂ ಆ ನ್ಯಾಯ ಅಣ್ಣನ ತಲೆಯಿಂದ ಹೋಗಿರಲಿಲ್ಲ. ನಾನು ಅಲ್ಲವೇ ಅಲ್ಲ ಎಂದೆ. ಮನುಷ್ಯ ಎದ್ದು ಹೋಗಿ ವಾಪಸ್ ಬಂದರೆ ಬಲೆ ಎಲ್ಲಿಯವರೆಗೆ ಬಂದಿದೆ ಎಂದು ಕಣ್ಣಲ್ಲಿ ನೋಡಿ ಹಗ್ಗ ಹಿಡಿಯುತ್ತಾನೆ. ಡಿಸ್ಕು ಹೊರಗೆ ಹೋಗಿ ಬಂದರೆ ಅದಕ್ಕೆ ಏನೂ ಗೊತ್ತಿರುವುದಿಲ್ಲ, ಎಲ್ಲವನ್ನೂ ಮೊದಲಿನಿಂದ ತುಂಬಿಸಬೇಕು ಎಂದು ವಿವರಿಸಿದೆ. ಅಣ್ಣ ಹೂಂಗುಟ್ಟಿದರು. ಅವರು ಹೂಂಗುಟ್ಟಿದರೆ ಮಾತು ಆ ಕಿವಿಯಿಂದ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳೋಣ ಎಂದಾಗಲೂ ಹೂಂ ಎಂದರು, ಆಮೇಲೆ ಐವರು ಇರುವಾಗ ಆರನೆಯವ ಯಾಕೆ ಎಂದು ನಕ್ಕರು.

ಐದೂ ಡಿಸ್ಕನ್ನು ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ ತಂದದ್ದೂ ಅವರೇ. ಒಳ್ಳೆಯ ದಿನ ನೋಡಿಕೊಂಡು ತಂದರು. ಪಾಲುದಾರರಲ್ಲಿ ಹಿರಿಯ ಕಿರಿಯ ಇರಬಾರದಂತೆ. ನನಗೆ ಅದು ಆಗಲೇ ಹಿಡಿಸಲಿಲ್ಲ. ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಮುದಿಯಾಗುತ್ತವೆ.

ಹಾಗೆ ಹುಡುಕಲು ಸುಲಭವಾದ ಮೇಲೆ ಒಂದು ದಿನ ಯಾರದೋ ಅಜ್ಜನ ಮುಖ ಹುಡುಕುತ್ತಿದ್ದ ಅಣ್ಣ ಸ್ಕ್ರೀನಿನ ಎದುರು ಗಕ್ಕನೆ ನಿಂತರು. ವಂಡ್ಸೆ ಕಡೆಯ ಒಂದು ಮದುವೆ, ಊಟದ ಸಾಲು. ಸಾರಿನ ಬಕೆಟು ಹಿಡಿದು ಬಡಿಸುತ್ತ ಬರುವ ಒಬ್ಬ ಹುಡುಗ ಕ್ಯಾಮೆರಾ ತನ್ನ ಕಡೆ ತಿರುಗಿದ್ದನ್ನು ಕಂಡು ನಾಚಿ, ಸೌಟು ಆಡಿಸಿ, "ನನ್ ಮದಿಗ್ ತೆಗುಕೆ ಬನಿ, ಈಗ ಬ್ಯಾಡ," ಎಂದು ನಗುತ್ತಾನೆ. ಹಾಗೆ ತನ್ನ ಮದುವೆಗೆ ಕರೆದು ಮುಂದಿನ ಎಲೆಗೆ ಬಾಗುತ್ತಾನೆ. ಅಷ್ಟೇ. ಮದುವೆ ಮನೆಯವರಿಗೆ ಕೊಟ್ಟ ಡಿವಿಡಿಯಲ್ಲಿ ಅದು ಇಲ್ಲ, ಕತ್ತರಿಸಿ ಬಿಟ್ಟದ್ದು.

ಆ ಹುಡುಗ ಅಣ್ಣನಿಗೆ ಗೊತ್ತಿದ್ದ. ಹಿಂದಿನ ವರ್ಷ ಕಡಲಿಗೆ ಹೋದ ಬೋಟು ಗಾಳಿಗೆ ಸಿಕ್ಕಿ ಮಗುಚಿತ್ತು. ಇಬ್ಬರ ಹೆಣ ದಂಡೆಗೆ ಬಂತು, ಒಬ್ಬ ಈಜಿ ಬದುಕಿದ, ಇವನು ಸಿಗಲಿಲ್ಲ. ಇವನ ತಾಯಿ ಕಿರಿಮಂಜೇಶ್ವರದ ಕಡಲ ಬದಿಯವಳು, ಬುಟ್ಟಿ ಹೊತ್ತು ಕುಂದಾಪುರದ ಓಣಿಗಳಲ್ಲಿ ಮೀನು ಮಾರುವವಳು. ಉತ್ತರಕ್ರಿಯೆ ಮಾಡಿಬಿಡೋಣ ಎಂದು ಅವಳ ಮೈದುನಂದಿರು ಗೋಗರೆಯುತ್ತಿದ್ದರು. ಅವಳು ಒಪ್ಪಿರಲಿಲ್ಲ. ಬೇರೆ ಯಾವುದೋ ಬೋಟು ಎತ್ತಿಕೊಂಡಿರಬಹುದು, ದೂರದ ಯಾವುದೋ ಬಂದರಿನಲ್ಲಿ ಇದ್ದಾನು ಎನ್ನುತ್ತಿದ್ದಳು.

ಅಣ್ಣ ಅವಳನ್ನು ಕರೆಸಿದರು. ಕರೆಸಬೇಡಿ ಎಂದು ನಾನು ಹೇಳಿದ್ದೆ. ಅವಳು ಖಾಲಿ ಬುಟ್ಟಿ ಹೊರಗಿಟ್ಟು, ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದು ಬಂದು ಸ್ಟೂಲಿನ ತುದಿಯಲ್ಲಿ ಕೂತಳು. ನೋಡಿದಳು. ಅಳಲಿಲ್ಲ. ಇನ್ನೊಮ್ಮೆ ಹಾಕು ಎಂದಳು. ಅಂದಿನಿಂದ ಮೀನು ಬೇಗ ಖರ್ಚಾದ ದಿನಗಳಲ್ಲೆಲ್ಲ ಬರತೊಡಗಿದಳು. ಅವಳು ಬಂದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಹಾಕಿ ತೋರಿಸುತ್ತಿದ್ದೆ. ಸ್ಕ್ರೀನಿನ ಹುಡುಗನನ್ನು ಅವಳು ಸಣ್ಣ ದನಿಯಲ್ಲಿ ಮಾತಾಡಿಸುತ್ತಿದ್ದಳು, ತೆಳ್ಳಗಾಗಿದ್ದಾನೆ ಎಂದು ನನಗೆ ಹೇಳುತ್ತಿದ್ದಳು. ನೋಡಿದ ಪ್ರತಿ ಸಲವೂ ಅದೇ ಮಾತು.

ಒಂದು ಫೋಟೋ ತೆಗೆದು ಕೊಡುತ್ತೇನೆ, ಮನೆಯಲ್ಲಿ ಇಟ್ಟುಕೊಳ್ಳಿ ಎಂದೆ. ಅವಳು ಕೈ ಅಡ್ಡ ಹಿಡಿದಳು.

"ಫೋಟೋ ಬ್ಯಾಡ ಮಗಾ. ಫೋಟೋ ಆರೆ ಗೋಡಿಗ್ ಹಾಕ್ಕಾತ್ತ್. ಗೋಡಿಗ್ ಹಾಕ್ರೆ ಮಾಲಿ ಹಾಕ್ಕಾತ್ತ್. ಇವ ಇಲ್ ಓಡಾಡ್ಕಂಡೇ ಇರ್ಲಿ."

ಸೀಡಿ, ಡಿವಿಡಿ ಯಾವುದೂ ಬೇಡವೆಂದಳು. ನಾನು ಅವಳಿಗೆ ಹೇಳದೆ ಆ ತುಣುಕನ್ನು ಒಂದು ಡಿವಿಡಿಗೆ ಬರೆದು ನನ್ನ ಮೇಜಿನ ಖಾನೆಯಲ್ಲಿ ಹಾಕಿಟ್ಟೆ. ಸರ್ವರಿನಲ್ಲಿ ಒಂದು, ಖಾನೆಯಲ್ಲಿ ಒಂದು. ಅಷ್ಟು ಸಾಕು ಎಂದುಕೊಂಡೆ.

ಎರಡು ಮೂರು ಮಳೆಗಾಲ ಹೀಗೇ ಕಳೆಯಿತು. ನಮ್ಮ ಕಡೆಯ ಮಳೆಗಾಲ ಯಂತ್ರಗಳಿಗೆ ಎಂಥ ಶತ್ರು ಎಂದು ಇಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಉಪ್ಪುಗಾಳಿಗೆ ಸ್ಕ್ರೂಗಳ ತಲೆ ಉದುರುತ್ತದೆ. ಪ್ಲಗ್ಗಿನೊಳಗೆ ಇರುವೆ ಮನೆ ಮಾಡುತ್ತದೆ. ಹೊರಗೆ ಒರೆಸಿದಷ್ಟೂ ಒಳಗೆ ಬೂಷ್ಟು. ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬಂದರೂ ಯುಪಿಎಸ್ಸು ಕೂಗಿಕೊಂಡು ಸರ್ವರನ್ನು ಮಾತ್ರ ಹಿಡಿದುಕೊಂಡಿತ್ತು. ಶುರು ಮಾಡಿದ ದಿನದಿಂದ ಆ ಐದು ಡಿಸ್ಕುಗಳು ಒಂದು ಗಳಿಗೆಯೂ ನಿಂತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಆಯುಧ ಪೂಜೆಯ ದಿನವೂ ನಿಲ್ಲಿಸಲು ನಾನು ಬಿಟ್ಟಿರಲಿಲ್ಲ, ಎದುರೇ ನಿಂತು ಓಡುತ್ತಿದ್ದ ಪೆಟ್ಟಿಗೆಗೇ ಕುಂಕುಮ ಹಚ್ಚಿಸಿದ್ದೆ.

ಆಮೇಲೆ ಆ ಟಿಕ್ ಕೇಳಿಸಿತು. ಒಂದನೇ ಡಿಸ್ಕು. ನೋಡಿದರೆ ಅಲ್ಲಲ್ಲಿ ಓದಲಾಗದ ಜಾಗಗಳು, ದಿನದಿಂದ ದಿನಕ್ಕೆ ಜಾಸ್ತಿ. ಹೊಸ ಡಿಸ್ಕು ತರಿಸಬೇಕೆಂದೆ, ಅಂಗಡಿಯವನು ಬೆಂಗಳೂರಿನಿಂದ ಬರಬೇಕು ಎಂದ. ಬರುವವರೆಗೆ ಯಾರೂ ಆ ಪೆಟ್ಟಿಗೆಯ ಹತ್ತಿರ ಸುಳಿಯಬಾರದು ಎಂದು ಅಣ್ಣನಿಗೆ ಹೇಳಿದೆ. ಅಣ್ಣ ಹೂಂಗುಟ್ಟಿದರು.

ಮರುದಿನ ನಾನು ಸಾಲಿಗ್ರಾಮದಲ್ಲಿ ನೆಂಟರ ಮನೆಯ ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬಂದೆ. ಟಿಕ್ ನಿಂತಿತ್ತು. ಅಂಥ ಸದ್ದು ತಾನಾಗಿ ನಿಲ್ಲುವುದಿಲ್ಲ. ನೋಡಿದರೆ ಒಂದನೇ ಡಿಸ್ಕಿನ ಜಾಗ ಖಾಲಿ. ಅಣ್ಣ ಅದನ್ನು ಎಳೆದು ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ತೇವ ಹೀರಲಿ ಎಂದು ಒಳಗಿನ ಅಕ್ಕಿ ಡಬ್ಬಿಯಲ್ಲಿ ಮಲಗಿಸಿದ್ದರು. ಪಾಪ, ವರ್ಷಗಟ್ಟಲೆ ದುಡಿದು ಸೋತಿದೆ, ನಾಲ್ಕು ದಿನ ಕೂರಲಿ ಎಂದರು. ಉಗ್ರಾಣ ಮಾತ್ರ ನಾಲ್ಕೇ ಡಿಸ್ಕಿನ ಮೇಲೆ ನಡೆಯುತ್ತಿತ್ತು, ಎಲ್ಲ ಮದುವೆಗಳೂ ಮೊದಲಿನಂತೆ ತೆರೆಯುತ್ತಿದ್ದವು. ನಾ ಹೇಳಲಿಲ್ಲವಾ ಎನ್ನುವ ಮುಖ ಮಾಡಿಕೊಂಡು ಅಣ್ಣ ಅದನ್ನು ನನಗೇ ತೋರಿಸಿದರು. ಅದು ಸರಿಯಾಗಿ ನಡೆದದ್ದೇ ನಮಗೆ ಮುಳುವಾಯಿತು. ಅಂದೇ ಎಲ್ಲ ಕೈಕೊಟ್ಟಿದ್ದರೆ ಅವರು ಹೆದರುತ್ತಿದ್ದರು.

ನಾನು ಸಿಟ್ಟಿನಲ್ಲಿ ಏನೇನೋ ಬೈದೆ. ವಯಸ್ಸಿನಲ್ಲಿ ಹಿರಿಯರು ಎನ್ನುವುದನ್ನೂ ನೋಡಲಿಲ್ಲ. ಇನ್ನು ಉಳಿದ ನಾಲ್ಕರಲ್ಲಿ ಒಂದು ಅಲುಗಿದರೂ ಎಲ್ಲ ಮುಗಿಯಿತು, ಹೊಸದು ಬರುವವರೆಗೆ ಇದನ್ನು ಆರಿಸಬೇಡಿ, ಮುಟ್ಟಬೇಡಿ, ಆ ಅಕ್ಕಿಯಲ್ಲಿ ಮಲಗಿದ್ದನ್ನು ವಾಪಸ್ ಹಾಕಲೂ ಬೇಡಿ ಎಂದೆ. ಅವರು ನೊಂದುಕೊಂಡರು. ಆಮೇಲೆ ಎರಡು ದಿನ ನನ್ನ ಹತ್ತಿರ ಚಾ ಕುಡಿದೆಯಾ ಎಂದೂ ಕೇಳಲಿಲ್ಲ.

ಹೊಸ ಡಿಸ್ಕಿಗಿಂತ ಮೊದಲು ಆಯುಧ ಪೂಜೆ ಬಂತು. ಆ ವರ್ಷ ನಮ್ಮ ಮನೆಯಲ್ಲಿ ಹೊಸ ಸ್ಕೂಟರಿಗೆ ಪೂಜೆ ಇತ್ತು, ನಾನು ಕುಂದಾಪುರಕ್ಕೆ ಹೋಗುವಂತಿರಲಿಲ್ಲ. ಹಿಂದಿನ ದಿನ ಹೊರಡುವಾಗ ಮತ್ತೆ ಹೇಳಿದೆ, ಮೇಲೆ ಒಂದು ಹೂ ಇಟ್ಟು ಕೈಮುಗಿಯಿರಿ, ಸಾಕು. ಆಯಿತು ಎಂದರು. ಮರುದಿನ ಮನೆಯಲ್ಲಿ ಸ್ಕೂಟರಿನ ಚಕ್ರದ ಕೆಳಗೆ ಲಿಂಬೆ ಹಣ್ಣು ಇಡುವಾಗಲೂ ನನ್ನ ಮನಸ್ಸು ಅಲ್ಲೇ ಇತ್ತು. ಫೋನು ಮಾಡಿದೆ, ಎತ್ತಲಿಲ್ಲ. ಪೂಜೆಯ ಗಡಿಬಿಡಿ ಇರಬೇಕು ಎಂದು ಅಮ್ಮ ಹೇಳಿದಳು.

ವಿಜಯದಶಮಿಯ ಬೆಳಿಗ್ಗೆ ಸ್ಟುಡಿಯೋದ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವಾಗಲೇ ನನಗೆ ಗೊತ್ತಾಯಿತು. ಒಳಗೆ ಸದ್ದಿರಲಿಲ್ಲ. ಅಷ್ಟು ವರ್ಷ ಆ ಮನೆಯಲ್ಲಿ ಒಂದು ಗುಂಯ್ ಇತ್ತು, ಇದ್ದಾಗ ಅದು ಕಿವಿಗೆ ಬಿದ್ದದ್ದೇ ಇಲ್ಲ. ಕ್ಯಾಮೆರಾಗಳು, ಲೈಟಿನ ಸ್ಟ್ಯಾಂಡುಗಳು, ಸ್ಟೇಪ್ಲರ್ ಸಹ, ಎಲ್ಲ ಬಾಳೆ ಎಲೆಯ ಮೇಲೆ ಸಾಲಾಗಿ ಕೂತಿದ್ದವು. ಸರ್ವರಿನ ಬಾಗಿಲು ತೆಗೆದಿತ್ತು, ಪ್ರತಿ ಡಿಸ್ಕಿನ ಹಣೆಗೂ ಗಂಧ. ದುಡಿಯುವ ಆಯುಧ ಆ ಒಂದು ದಿನವಾದರೂ ವಿಶ್ರಾಂತಿ ಪಡೆಯದಿದ್ದರೆ ದೋಷ ಎಂದು ಅಣ್ಣನಿಗೆ ಮನಸ್ಸು ತಡೆಯಲಿಲ್ಲವಂತೆ. ಆರಿಸಿದ್ದರು. ಅಷ್ಟೇ ಆಗಿದ್ದರೂ ನಾನು ಕೈಮುಗಿದು ಹೊತ್ತಿಸುತ್ತಿದ್ದೆ. ಆದರೆ ಒಂದನೇ ಡಿಸ್ಕು ಅಕ್ಕಿ ಡಬ್ಬಿಯಿಂದ ತನ್ನ ಜಾಗಕ್ಕೆ ಬಂದಿತ್ತು, ಎರಡನೆಯದು ಹರಿವಾಣದಲ್ಲಿ ದೇವರ ಎದುರು ಮಲಗಿತ್ತು.

"ಅಂವ ಸಮಾ ಮನಿಕಂಡ್ ಎದ್ದಿದ," ಎಂದರು ಅಣ್ಣ, ಒಂದನೆಯದನ್ನು ತೋರಿಸಿ. "ಈಗ ಇವನ್ ಸರ್ದಿ."

ಹೊರಗಿದ್ದು ಬಂದ ಡಿಸ್ಕಿಗೆ ಉಳಿದವುಗಳ ಸುದ್ದಿ ಗೊತ್ತಿಲ್ಲ, ಸುದ್ದಿ ಗೊತ್ತಿದ್ದ ಡಿಸ್ಕು ಹೊರಗೆ. ಆದರೂ ಒಂದು ಆಸೆ ಇತ್ತು. ಎರಡನೆಯದನ್ನು ವಾಪಸ್ ಹಾಕಿದರೆ ಆ ನಾಲ್ಕು ಮತ್ತೆ ಜೊತೆಯಾಗುತ್ತವೆ. ಗಂಧ ಒರೆಸಿ, ಜಾಗಕ್ಕೆ ಕೂರಿಸಿ, ಸ್ವಿಚ್ಚು ಒತ್ತಿದೆ. ಮೂರು, ನಾಲ್ಕು, ಐದು ತಿರುಗಿದವು. ಒಂದನೆಯದು ಟಿಕ್ ಎನ್ನುತ್ತ ತಿರುಗಿತು. ಎರಡನೆಯದು ಅಲ್ಲಾಡಲಿಲ್ಲ. ಕೈಯಲ್ಲಿ ಹಿಡಿದರೆ ಒಳಗಿನಿಂದ ಸಣ್ಣಗೆ ಅದುರಿದಂತಾಗುತ್ತಿತ್ತು, ಆಮೇಲೆ ಅದೂ ಇಲ್ಲ. ವರ್ಷಗಟ್ಟಲೆ ನಿಲ್ಲದೆ ಓಡಿದ ಮುದಿ ಡಿಸ್ಕು ಒಮ್ಮೆ ತಣ್ಣಗಾದರೆ ಮತ್ತೆ ಏಳುವುದು ಕಷ್ಟ. ಕೇಬಲ್ ಬದಲಿಸಿದೆ, ಬೇರೆ ಕಂಪ್ಯೂಟರಿಗೆ ಹಾಕಿದೆ. ಅಣ್ಣ ನನ್ನ ಹಿಂದೆ ನಿಂತು, ಎದ್ದಿತಾ, ಎದ್ದಿತಾ ಎಂದು ಕೇಳುತ್ತಲೇ ಇದ್ದರು. ಅಷ್ಟು ಹೊತ್ತಿಗೆ ಅವರಿಗೂ ಅರ್ಥವಾಗಿತ್ತು.

ಕೊನೆಗೆ ಹುಷಾರಿಲ್ಲದ ಒಂದನೆಯದನ್ನೇ ಒತ್ತಾಯದಿಂದ ಸೇರಿಸಿ ಉಗ್ರಾಣದ ಬಾಗಿಲು ತೆಗೆಸಿದೆ. ಸಿಕ್ಕಿದಷ್ಟನ್ನು ಹೊರಗೆ ಸಾಗಿಸಿದೆ. ಕೆಲವು ಮದುವೆ ಪೂರ್ತಿ ಬಂದವು, ಕೆಲವು ಅರ್ಧ ಬಂದವು. ವಂಡ್ಸೆಯ ಮದುವೆಯ ಹೆಸರು ಸರಿಯಾಗಿಯೇ ಇತ್ತು, ಎಷ್ಟು ದೊಡ್ಡದು ಎನ್ನುವುದೂ ಸರಿಯಾಗಿತ್ತು. ತೆರೆದೆ. ಊಟದ ಸಾಲು, ಎಲೆ ಹಾಕುತ್ತ ಬರುವವರು, ಎಲೆಗೆ ನೀರು ಚಿಮುಕಿಸುವ ಕೈಗಳು. ಸಾಲಿನ ತುದಿಯಲ್ಲಿ ಬಕೆಟಿನ ಅಂಚು ಕಂಡಿತು. ಅಲ್ಲಿಗೆ ಚಿತ್ರ ನಿಂತು, ಹಸಿರು ಚೌಕಗಳು ಮೂಡಿ, ಸ್ಕ್ರೀನು ಕಪ್ಪಾಯಿತು. ಆ ಜಾಗ ಬಂದಾಗಲೆಲ್ಲ ಒಂದನೇ ಡಿಸ್ಕು ಟಿಕ್ ಎಂದು ನಿಂತುಬಿಡುತ್ತಿತ್ತು. ಅಂದು ಮಧ್ಯಾಹ್ನದೊಳಗೆ ಅದೂ ಪೂರ್ತಿ ಸತ್ತಿತು.

ಖಾನೆಯಲ್ಲಿದ್ದ ಡಿವಿಡಿ ನೆನಪಾಗಿ ತೆಗೆದರೆ ಅದರ ಬೆನ್ನ ಮೇಲಿನ ಬೆಳ್ಳಿ ಪದರ ಹುರುಪೆ ಎದ್ದಿತ್ತು, ನಡುವೆ ಬೂಷ್ಟಿನ ಬಳ್ಳಿ. ಯಾವ ಡ್ರೈವೂ ಅದನ್ನು ಗುರುತಿಸಲಿಲ್ಲ. ಎರಡು ಡಿಸ್ಕನ್ನೂ ಬೆಂಗಳೂರಿಗೆ, ಸತ್ತ ಡಿಸ್ಕಿನಿಂದ ತೆಗೆದುಕೊಡುವವರಿಗೆ ಕಳಿಸಿದೆವು. ಒಳಗಿನ ತಟ್ಟೆ ಗೀರಿಹೋಗಿದೆ, ಏನೂ ಸಿಗುವುದಿಲ್ಲ ಎಂದು ವಾಪಸ್ ಬಂತು.

ಈ ನಡುವೆ ಆ ಹುಡುಗನ ತಾಯಿ ಎರಡು ಸಲ ಬಂದಿದ್ದಳು. ಯಂತ್ರ ರಿಪೇರಿಗೆ ಹೋಗಿದೆ ಎಂದು ಅಣ್ಣ ಹೇಳಿ ಕಳಿಸಿದ್ದರು. ಬೆಂಗಳೂರಿನ ಉತ್ತರ ಬಂದ ಮೇಲೆ ಅವರು ನನ್ನ ಹತ್ತಿರ ಬಂದು, ರಿಪೇರಿ ಇನ್ನೂ ಆಗಿಲ್ಲ ಎಂದೇ ಹೇಳುತ್ತಿರೋಣ, ಹೀಗೇ ಮರೆತುಹೋಗುತ್ತದೆ ಎಂದರು. ಮರೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಅವರ ಮೇಲಿನ ನನ್ನ ಸಿಟ್ಟು ಆ ಮುಖ ನೋಡಿ ಕರಗಿತು, ಆದರೆ ಆ ಮಾತಿಗೆ ನಾನು ಒಪ್ಪಲಿಲ್ಲ. ತಿಂಗಳಾನುಗಟ್ಟಲೆ ಅವಳು ಆ ಸ್ಟೂಲಿನ ಮೇಲೆ ಕೂತು ಕಾಯುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಅವಳು ಬಂದಳು. ಬುಟ್ಟಿ ಹೊರಗಿಟ್ಟಳು, ಕೈಕಾಲು ತೊಳೆದಳು, ಕೂತಳು. ನಾನು ಎದುರು ನೆಲದ ಮೇಲೆ ಕೂತು, ಡಿಸ್ಕು ಗಿಸ್ಕು ಎಂದು ಏನೂ ವಿವರಿಸದೆ, ಅವನಿದ್ದ ವಿಡಿಯೋ ಹೋಯಿತಮ್ಮ, ಬೆಂಗಳೂರಿಗೂ ಕಳಿಸಿ ನೋಡಿದೆವು, ಇನ್ನು ಎಲ್ಲೂ ಇಲ್ಲ ಎಂದೆ. ಅಣ್ಣ ಒಳಕೋಣೆಯ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು.

ಅವಳು ಕಪ್ಪು ಸ್ಕ್ರೀನನ್ನು ನೋಡಿದಳು. ಯಾರನ್ನೂ ಬೈಯಲಿಲ್ಲ. ಹೇಗೆ ಹೋಯಿತು ಎಂದು ಕೇಳಲೂ ಇಲ್ಲ.

"ಬೋಟಿನೋರ್ ಹೇಳಿರ್, ನಾ ನಂಬ್ಲಿಲ್ಲ," ಎಂದಳು. "ಪೊಲೀಸ್ರ್ ಹೇಳಿರ್, ನಂಬ್ಲಿಲ್ಲ. ನೀ ಸುಳ್ ಹೇಳುವಳಲ್ಲ ಮಗಾ."

ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, "ಬಾಮಿ ಎಲ್ಲಿತ್ತ್?" ಎಂದು ಕೇಳಿದಳು.

ಯಾಕೆಂದು ನನಗೆ ಒಮ್ಮೆಲೇ ಅರ್ಥವಾಗಲಿಲ್ಲ, ಬಾವಿ ಹಿತ್ತಲಲ್ಲಿ ಎಂದು ಕೈ ತೋರಿಸಿದೆ. ಅವಳು ಹೋಗಿ ಒಂದು ಕೊಡಪಾನ ನೀರು ಸೇದಿ, ಉಟ್ಟ ಸೀರೆಯಲ್ಲೇ, ಮುಡಿ ಬಿಚ್ಚಿ, ತಲೆಯ ಮೇಲೆ ಸುರಿದುಕೊಂಡಳು. ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ನಮ್ಮ ಕಡೆ ಹಾಗೆ ಮೀಯುತ್ತಾರೆ. ಇನ್ನೊಂದು ಕೊಡಪಾನ ಸೇದಿದಳು. ಅದನ್ನು ಎತ್ತುವ ಮೊದಲು ತಿರುಗಿ, ಹಿತ್ತಲ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

"ನೀನೂ ಮೀ ಮಗಾ," ಎಂದಳು. "ನೀನೂ ದಿನಾ ಕಂಡವಳಲ್ದಾ ಅವನ್ನ."

ನಾನು ಮೆಟ್ಟಿಲಿಳಿದು ಹೋಗಿ ಅವಳ ಪಕ್ಕ ಕಲ್ಲಿನ ಮೇಲೆ ಕೂತೆ. ಅವಳು ಎರಡನೇ ಕೊಡಪಾನವನ್ನು ನನ್ನ ತಲೆಗೆ ಹೊಯ್ದಳು.